ಹಿಂದೆ ನಿಂತು ಆಡುವ ಮಗಳ ಪರವಾಗಿ: ಒಂಟಾರಿಯೊದ ಕನ್ನಡಿಗ ತಂದೆತಾಯಂದಿರಿಗೆ ಒಂದು ಬಹಿರಂಗ ಪತ್ರ

ಒಂಟಾರಿಯೊದ ಕನ್ನಡಿಗ ತಂದೆತಾಯಂದಿರೇ,

ನಮಸ್ಕಾರ. ಒಂಬತ್ತನೆಯ ತರಗತಿ ಹತ್ತಿರ ಬರುತ್ತಿದ್ದಂತೆ ನಮ್ಮ ಹುಡುಗಿಯರು ಐಸ್ ಹಾಕಿ ಬಿಡುತ್ತಿದ್ದಾರೆ. ಬಿಡುತ್ತಿದ್ದಾರೆ ಎನ್ನುವುದಕ್ಕಿಂತ ನಾವೇ ಬಿಡಿಸುತ್ತಿದ್ದೇವೆ ಎನ್ನುವುದು ಸರಿಯಾದ ಮಾತು. ಹುಡುಗಿಯರ ತಂಡವೊಂದರ ಬೆಂಚಿನ ಬಳಿ ಟ್ರೈನರ್ ಆಗಿ ನಿಲ್ಲುವ ಸ್ವಯಂಸೇವಕಿ ನಾನು. ಗಾಯವಾದರೆ ಓಡುವುದು, ಸ್ಕೇಟ್‌ನ ಲೇಸ್ ಬಿಗಿಯುವುದು, ನೀರಿನ ಬಾಟಲಿ ತುಂಬಿಸುವುದು ನನ್ನ ಕೆಲಸ. ಬ್ರಾಂಪ್ಟನ್, ಮಿಸಿಸಾಗಾ, ಮಿಲ್ಟನ್ ಕಡೆಯ ರಿಂಕ್‌ಗಳಲ್ಲಿ ಹನ್ನೊಂದು ಹನ್ನೆರಡರ ವಯಸ್ಸಿನ ಪಟ್ಟಿಗಳಲ್ಲಿ ನಮ್ಮವರ ಹೆಸರು ಕಾಣುತ್ತದೆ. ಹದಿನಾಲ್ಕರ ಹೊತ್ತಿಗೆ ಆ ಹೆಸರುಗಳು ಇರುವುದಿಲ್ಲ. ಕಾರಣ ಕೇಳಿದರೆ ಸಿಗುವುದು ಎರಡೇ ಉತ್ತರ. ಇನ್ನು ಓದಿನ ಕಡೆ ಗಮನ ಕೊಡಲಿ ಎಂಬುದು ಒಂದು. ಅವಳು ಡಿಫೆನ್ಸ್, ಅಂದರೆ ಹಿಂದಿನ ಸಾಲಿನಲ್ಲಿ ನಿಂತು ಎದುರಾಳಿಯನ್ನು ತಡೆಯುವ ಸ್ಥಾನದಲ್ಲಿ ಆಡುವವಳು, ಗೋಲು ಹೊಡೆಯುವುದಿಲ್ಲ, ಅದರಲ್ಲಿ ಮುಂದೆ ಬರುವುದು ಅಷ್ಟರಲ್ಲೇ ಇದೆ ಎಂಬುದು ಇನ್ನೊಂದು.

ಯುಗಾದಿಯ ಊಟದ ಸಾಲಿನಲ್ಲಿ ನಿಂತು ಎರಡು ನಿಮಿಷದಲ್ಲಿ ಉತ್ತರಿಸುವ ಮಾತುಗಳಲ್ಲ ಇವು. ಅದಕ್ಕೇ ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ.

ಎರಡನೆಯದನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ನನಗೆ ಹೆಚ್ಚು ನೋವು ಕೊಡುವುದು ಅದು. ಪಂದ್ಯ ಮುಗಿಸಿ ಬೆವರಿಳಿಸಿಕೊಂಡು ಬಂದ ಮಗುವನ್ನು ಕಾರು ಹತ್ತುವ ಮೊದಲೇ ‘ಇವತ್ತು ಎಷ್ಟು ಗೋಲು?’ ಎಂದು ಕೇಳುತ್ತೀರಿ. ಡಿಫೆಂಡರ್ ಆದ ಮಗುವಿಗೆ ಆ ಪ್ರಶ್ನೆಗೆ ಹೆಚ್ಚಿನ ದಿನ ಒಂದೇ ಉತ್ತರ. ಅವಳು ತಲೆ ತಗ್ಗಿಸುತ್ತಾಳೆ. ಅವಳು ಅಂದು ತಡೆದ ಗೋಲುಗಳನ್ನು ಯಾರೂ ಕೇಳಲಿಲ್ಲ.

ದಯವಿಟ್ಟು ಮುಂದಿನ ಪಂದ್ಯದಲ್ಲಿ ಪಕ್ಕಿನ (ಚೆಂಡಿನ ಬದಲಿಗೆ ಈ ಆಟದಲ್ಲಿರುವ ರಬ್ಬರ್ ಬಿಲ್ಲೆಯ) ಹಿಂದೆ ಕಣ್ಣೋಡಿಸುವುದನ್ನು ಬಿಟ್ಟು ಒಬ್ಬಳು ಡಿಫೆಂಡರ್‌ಳನ್ನು ಮಾತ್ರ ನೋಡಿ. ಎದುರಾಳಿ ಪಕ್ ಹಿಡಿದು ಪೂರ್ತಿ ವೇಗದಲ್ಲಿ ಅವಳ ಮೇಲೇ ಬರುತ್ತಿರುತ್ತಾಳೆ. ಇವಳು ಅಷ್ಟೇ ವೇಗದಲ್ಲಿ ಹಿಮ್ಮುಖವಾಗಿ ಜಾರುತ್ತಿರಬೇಕು. ತೀರ ಹಿಂದೆ ಸರಿದರೆ ಎದುರಾಳಿಗೆ ಗುರಿಯಿಟ್ಟು ಹೊಡೆಯಲು ಜಾಗ ಸಿಗುತ್ತದೆ, ತೀರ ಮುಂದೆ ನಿಂತರೆ ಅವಳು ಪಕ್ಕದಿಂದ ನುಸುಳಿ ಹೋಗುತ್ತಾಳೆ. ನಡುವಿನ ಅಂತರವನ್ನು ಒಂದು ಸ್ಟಿಕ್‌ನಷ್ಟು ಉದ್ದಕ್ಕೆ ಕಾಯ್ದುಕೊಂಡು, ಸ್ಟಿಕ್‌ನ ತುದಿಯನ್ನು ಮಂಜುಗಡ್ಡೆಯ ಮೇಲೆಯೇ ಇಟ್ಟು, ಅವಳನ್ನು ಮೆಲ್ಲಗೆ ಬದಿಯ ಹಲಗೆಯ ಕಡೆಗೆ ತಳ್ಳಿಕೊಂಡು ಹೋಗಬೇಕು. ಕಣ್ಣು ಪಕ್ಕಿನ ಮೇಲೆ ಇರಕೂಡದು, ಎದುರಾಳಿಯ ಎದೆಯ ಮೇಲಿರಬೇಕು. ಕೈ ಮತ್ತು ಸ್ಟಿಕ್ ಮೋಸ ಮಾಡುತ್ತವೆ, ಎದೆ ಮಾಡುವುದಿಲ್ಲ ಎಂದು ನಮ್ಮ ಕೋಚ್ ದಿನವೂ ಹೇಳುತ್ತಾರೆ. ಎದುರಾಳಿ ಮೂಲೆಗೆ ಸರಿದು ಕೋನವಿಲ್ಲದ ಜಾಗದಿಂದ ಹೊಡೆದಳು, ಗೋಲ್‌ಕೀಪರ್ ಸುಲಭವಾಗಿ ಹಿಡಿದಳು. ಗ್ಯಾಲರಿಯಲ್ಲಿ ಎಲ್ಲರೂ ಗೋಲ್‌ಕೀಪರ್‌ಗೆ ಚಪ್ಪಾಳೆ ತಟ್ಟುತ್ತಾರೆ. ತಟ್ಟಲಿ, ಅವಳೂ ನಮ್ಮ ಮಗುವೇ. ಆದರೆ ಆ ಹೊಡೆತವನ್ನು ಸುಲಭ ಮಾಡಿಕೊಟ್ಟವಳು ಯಾರೆಂದು ನೀವಾದರೂ ಗಮನಿಸಿರಬೇಕು.

ಇನ್ನೂ ಕಷ್ಟದ್ದೊಂದಿದೆ. ಎದುರಾಳಿ ತಂಡ ಪಕ್ಕನ್ನು ನಮ್ಮ ಮೂಲೆಗೆ ಎಸೆದು ಅದರ ಹಿಂದೆ ಓಡಿಬರುತ್ತದೆ. ಡಿಫೆಂಡರ್ ತಿರುಗಿ ಅದರ ಬಳಿ ಮೊದಲು ತಲುಪಬೇಕು, ಬೆನ್ನಿಗೆ ಒಬ್ಬಳು ಬರುತ್ತಿದ್ದಾಳೆಂದು ಗೊತ್ತಿದ್ದೂ. ಹೋಗುವ ದಾರಿಯಲ್ಲಿಯೇ ಭುಜದ ಮೇಲಿಂದ ಒಮ್ಮೆ ಹಿಂದಕ್ಕೆ ನೋಡಿ, ಯಾರು ಎಲ್ಲಿದ್ದಾರೆಂದು ತಲೆಯಲ್ಲಿ ಬರೆದುಕೊಳ್ಳಬೇಕು. ಪಕ್ ಸ್ಟಿಕ್ಕಿಗೆ ತಗುಲಿದ ಮೇಲೆ ಯೋಚಿಸಲು ಸಮಯವಿಲ್ಲ. ಆ ಒಂದು ಪಾಸ್ ಸರಿಯಾಗಿ ಹೋದರೆ ತಂಡ ಮುನ್ನುಗ್ಗುತ್ತದೆ, ತಪ್ಪಿದರೆ ಅದೇ ಜಾಗದಲ್ಲಿ ನಮ್ಮ ಮೇಲೆ ಗೋಲು. ಹದಿಮೂರು ವರ್ಷದ ಹುಡುಗಿ ಈ ತೀರ್ಮಾನವನ್ನು ಒಂದು ಪಂದ್ಯದಲ್ಲಿ ಮತ್ತೆ ಮತ್ತೆ ಮಾಡುತ್ತಾಳೆ. ಗೋಲಿನ ಪಟ್ಟಿಯಲ್ಲಿ ಇದಕ್ಕೆ ಅಂಕಣವೇ ಇಲ್ಲ.

ಕೊಡಗಿನಿಂದ ಬಂದ ಮನೆಯವರು ಇದನ್ನು ಬೇಗ ಹಿಡಿಯುತ್ತಾರೆ. ಆಟ ಬೇರೆ, ನೆಲ ಬೇರೆ, ನಿಜ. ಆದರೆ 1997ರಿಂದ ಮನೆತನದ ತಂಡಗಳ ಹಾಕಿ ಉತ್ಸವ ನೋಡಿ ಬೆಳೆದವರಿಗೆ, ಆ ತಂಡಗಳಲ್ಲಿ ಹೆಣ್ಣುಮಕ್ಕಳೂ ಇಳಿದು ಆಡಿದ್ದನ್ನು ಕಂಡವರಿಗೆ, ವಿ. ಆರ್. ರಘುನಾಥ್ ಅವರಂಥ ಡಿಫೆಂಡರ್‌ನನ್ನು ಭಾರತ ತಂಡಕ್ಕೆ ಕೊಟ್ಟ ಊರಿನವರಿಗೆ, ಹಿಂದಿನ ಸಾಲಿನ ಬೆಲೆಯನ್ನು ನಾನು ಹೇಳಿಕೊಡಬೇಕಾಗಿಲ್ಲ.

ಮುಂದೆ ಬರುವುದು ಅಷ್ಟರಲ್ಲೇ ಇದೆ ಎನ್ನುತ್ತೀರಲ್ಲ, ಈಗ ಅಲ್ಲಿಗೆ ಬರುತ್ತೇನೆ. 2024ರ ಜನವರಿ 1ರಂದು ಟೊರಾಂಟೊದಲ್ಲಿ ಮಹಿಳೆಯರ ವೃತ್ತಿಪರ ಹಾಕಿ ಲೀಗ್, ಅಂದರೆ ಪಿಡಬ್ಲ್ಯುಎಚ್‌ಎಲ್‌ನ ಮೊಟ್ಟಮೊದಲ ಪಂದ್ಯ ನಡೆಯಿತು. ನ್ಯೂಯಾರ್ಕ್ ತಂಡ ಟೊರಾಂಟೊವನ್ನು 4–0ರಿಂದ ಸೋಲಿಸಿತು. ಆ ಲೀಗ್‌ನ ಇತಿಹಾಸದ ಮೊದಲ ಗೋಲು ಹೊಡೆದವರು ಎಲಾ ಶೆಲ್ಟನ್. ನಮ್ಮದೇ ಪ್ರಾಂತ್ಯದ ಇಂಗರ್‌ಸಾಲ್ ಊರಿನ ಹುಡುಗಿ. ಆಕೆ ಡಿಫೆಂಡರ್. ಹಾಗೆಂದು ನಿಮ್ಮ ಮಗಳೂ ಗೋಲು ಹೊಡೆದಾಳು ಎಂಬ ಆಸೆ ಹುಟ್ಟಿಸಲು ಇದನ್ನು ಹೇಳುತ್ತಿಲ್ಲ. ಹಿಂದಿನ ಸಾಲಿನವರು ಈ ಆಟದಲ್ಲಿ ಎಲ್ಲಿಯೂ ಎರಡನೆಯ ದರ್ಜೆಯವರಲ್ಲ ಎಂದಷ್ಟೇ ತಿಳಿಯಲಿ.

ನಾನು ನಿಮ್ಮ ಮುಂದೆ ಇಡಬೇಕೆಂದಿರುವ ಬದುಕು ಇನ್ನೊಬ್ಬರದು: ಜಾಸ್ಲಿನ್ ಲರಾಕ್. ಗೋಲುಗಳಿಗಾಗಿ ಆಕೆಯ ಹೆಸರನ್ನು ಯಾರೂ ಹೇಳುವುದಿಲ್ಲ. ಆದರೆ ಈ ದೇಶದಲ್ಲಿ ಹೆಣ್ಣುಮಕ್ಕಳ ಹಾಕಿ ಹೇಗೆ ವೃತ್ತಿಯಾಯಿತು ಎಂದು ತಿಳಿಯಲು ಆಕೆಯ ವೃತ್ತಿಜೀವನವನ್ನು ನೋಡಿದರೆ ಸಾಕು.

ಹುಟ್ಟಿದ್ದು 1988ರಲ್ಲಿ, ಮ್ಯಾನಿಟೋಬಾದ ಸೇಂಟ್ ಆನ್ ಎಂಬ ಸಣ್ಣ ಊರಿನವರು. ಮೆಟಿ ಎಂಬ ಮೂಲನಿವಾಸಿ ಸಮುದಾಯಕ್ಕೆ ಸೇರಿದವರು. ಅಮೆರಿಕದ ಮಿನೆಸೋಟ ಡುಲುತ್ ವಿಶ್ವವಿದ್ಯಾಲಯದಲ್ಲಿ ಓದುತ್ತ ಆಡಿದರು. 2014ರಲ್ಲಿ ಸೋಚಿ ಒಲಿಂಪಿಕ್ಸ್‌ಗೆ ಹೋದಾಗ, ಕೆನಡಾದ ಮಹಿಳಾ ಹಾಕಿ ತಂಡದ ಪರವಾಗಿ ಒಲಿಂಪಿಕ್ಸ್‌ನಲ್ಲಿ ಆಡಿದ ಮೊದಲ ಮೂಲನಿವಾಸಿ ಮಹಿಳೆಯಾದರು. ಆ ಫೈನಲ್ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅಮೆರಿಕ 2–0 ಮುಂದಿತ್ತು, ಆಟಕ್ಕೆ ನಾಲ್ಕು ನಿಮಿಷವೂ ಉಳಿದಿರಲಿಲ್ಲ. ಅಲ್ಲಿಂದ ಸಮ ಮಾಡಿಕೊಂಡು ಕೆನಡಾ ಹೆಚ್ಚುವರಿ ಸಮಯದಲ್ಲಿ 3–2ರಿಂದ ಗೆದ್ದಿತು.

ಚಿನ್ನದ ಪದಕ ಕೊರಳಿಗೆ ಹಾಕಿಕೊಂಡು ಮರಳಿದವರು ಆಡಿದ್ದು ಯಾವ ಲೀಗ್‌ನಲ್ಲಿ ಗೊತ್ತೇ? ಸಂಬಳವೇ ಇಲ್ಲದ ಲೀಗ್‌ನಲ್ಲಿ. 2007ರಲ್ಲಿ ಆರಂಭವಾದ ಕೆನೇಡಿಯನ್ ಮಹಿಳಾ ಹಾಕಿ ಲೀಗ್ ತನ್ನ ಆಟಗಾರ್ತಿಯರಿಗೆ ಮೊದಲ ಸಲ ಹಣ ಕೊಟ್ಟದ್ದು 2017–18ರ ಋತುವಿನಲ್ಲಿ, ಅದೂ ಋತುವಿಗೆ 2,000ದಿಂದ 10,000 ಡಾಲರ್ ಭತ್ಯೆ. ರಾಷ್ಟ್ರೀಯ ತಂಡದವರಿಗೆ ಸರ್ಕಾರದ ಸಹಾಯಧನ ಬರುತ್ತಿತ್ತು. ಉಳಿದವರು ಹಗಲು ಕೆಲಸಕ್ಕೆ ಹೋಗಿ ರಾತ್ರಿ ಅಭ್ಯಾಸಕ್ಕೆ ಬರುತ್ತಿದ್ದರು. ಲರಾಕ್ ಆಡುತ್ತಿದ್ದದ್ದು ನಮ್ಮ ಬ್ರಾಂಪ್ಟನ್ ತಂಡಕ್ಕೆ. ಹೌದು, ನಾವು ದಿನಸಿ ತರಲು ಓಡಾಡುವ ಇದೇ ಊರಿನ ತಂಡಕ್ಕೆ ಒಲಿಂಪಿಕ್ ಚಾಂಪಿಯನ್ ಆಡುತ್ತಿದ್ದರು, ನಮ್ಮಲ್ಲಿ ಎಷ್ಟು ಜನ ಹೋಗಿ ನೋಡಿದೆವು? 2017ರಲ್ಲಿ ತಂಡ ಮಾರ್ಕಮ್‌ಗೆ ಹೋಯಿತು. ಮುಂದಿನ ವರ್ಷವೇ ಲರಾಕ್ ನಾಯಕತ್ವದ ಮಾರ್ಕಮ್ ಥಂಡರ್ ಟೊರಾಂಟೊದ ರಿಕೋ ಕೊಲಿಸಿಯಂನಲ್ಲಿ ಆ ಲೀಗ್‌ನ ಚಾಂಪಿಯನ್ನರಿಗೆ ಕೊಡುವ ಕ್ಲಾರ್ಕ್‌ಸನ್ ಕಪ್ ಗೆದ್ದಿತು.

ಅದಕ್ಕೆ ಒಂದು ತಿಂಗಳ ಹಿಂದೆ, 2018ರ ಫೆಬ್ರವರಿಯಲ್ಲಿ, ಆಕೆಯ ಹೆಸರು ಜಗತ್ತಿಗೆಲ್ಲ ತಿಳಿದದ್ದು ಬೇರೆಯೇ ಕಾರಣಕ್ಕೆ. ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಕೆನಡಾ ಶೂಟ್‌ಔಟ್‌ನಲ್ಲಿ ಅಮೆರಿಕಕ್ಕೆ ಸೋತಿತು. ಬೆಳ್ಳಿ ಪದಕವನ್ನು ಕೊರಳಿಗೆ ಹಾಕುತ್ತಿದ್ದಂತೆಯೇ ಲರಾಕ್ ಅದನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಕ್ಯಾಮೆರಾ ಅದನ್ನು ಬಿಡಲಿಲ್ಲ. ಅಹಂಕಾರಿ ಎಂದು ಬೈದರು, ಮಕ್ಕಳಿಗೆ ಕೆಟ್ಟ ಮಾದರಿ ಎಂದರು. ಆಕೆ ಮರುದಿನವೇ ಸಾರ್ವಜನಿಕವಾಗಿ ಕ್ಷಮೆ ಕೇಳಿದರು. ನನಗೆ ಅದರಲ್ಲಿ ಅಹಂಕಾರ ಕಾಣುವುದಿಲ್ಲ. ನಾಲ್ಕು ವರ್ಷ ಒಂದು ಗುರಿಗಾಗಿ ಮೈ ಸವೆಸಿದವರಿಗೆ, ಸೋತ ಕೆಲವೇ ನಿಮಿಷಗಳ ಬಳಿಕ ನಗುಮುಖ ತೋರಿಸಲು ಆಗಲಿಲ್ಲ, ಅಷ್ಟೇ. ಸೋತಾಗ ಹೆಣ್ಣುಮಕ್ಕಳು ಮಾತ್ರ ಚೆಂದವಾಗಿ ಸೋಲಬೇಕೆಂದು ಕೇಳುವ ಲೋಕದ ಬಗ್ಗೆ ನನಗೆ ಸಿಟ್ಟಿದೆ. ನಮ್ಮ ತಂಡದ ಹುಡುಗಿಯರಿಗೆ ಈ ಘಟನೆಯನ್ನು ನಾನು ಮುಚ್ಚಿಡುವುದಿಲ್ಲ. ನಾಲ್ಕು ವರ್ಷದ ಮೇಲೆ ಬೀಜಿಂಗ್‌ನಲ್ಲಿ ಅದೇ ಅಮೆರಿಕವನ್ನು 3–2ರಿಂದ ಸೋಲಿಸಿ ಆಕೆ ಎರಡನೆಯ ಚಿನ್ನ ಗೆದ್ದದ್ದನ್ನೂ ಹೇಳುತ್ತೇನೆ.

ಆ ನಾಲ್ಕು ವರ್ಷಗಳ ನಡುವೆ ಏನಾಯಿತೆಂದು ಕೇಳಿ. 2019ರ ಮಾರ್ಚ್ ಕೊನೆಯಲ್ಲಿ ಆ ಕೆನೇಡಿಯನ್ ಲೀಗ್ ಮುಚ್ಚುವುದಾಗಿ ಘೋಷಿಸಿತು. ಮೇ ತಿಂಗಳಲ್ಲಿ ಇನ್ನೂರಕ್ಕೂ ಹೆಚ್ಚು ಆಟಗಾರ್ತಿಯರು ಒಟ್ಟಾಗಿ ನಿಂತು, ಬದುಕಲು ಸಾಕಾಗುವ ಸಂಬಳ, ಆರೋಗ್ಯ ವಿಮೆ ಕೊಡುವ ಲೀಗ್ ಬರುವವರೆಗೆ ಉತ್ತರ ಅಮೆರಿಕದ ಯಾವ ವೃತ್ತಿಪರ ಲೀಗ್‌ನಲ್ಲೂ ಆಡುವುದಿಲ್ಲ ಎಂದರು. ಲರಾಕ್ ಅವರಲ್ಲಿ ಒಬ್ಬರು. ಆಗ ಆಕೆಗೆ ಮೂವತ್ತು ದಾಟಿತ್ತು. ಆಟಗಾರ್ತಿಯೊಬ್ಬಳ ದೇಹ ಗಟ್ಟಿಯಾಗಿರುವ ವರ್ಷಗಳನ್ನು, ತಮಗೆ ಸಿಗದೇ ಹೋಗಬಹುದಾಗಿದ್ದ ಒಂದು ಲೀಗ್‌ಗಾಗಿ, ಪ್ರದರ್ಶನ ಪಂದ್ಯ ಆಡಿಕೊಂಡು ಕಳೆದರು. ಮಧ್ಯದಲ್ಲಿ ಕೊರೊನಾ ಬಂದು 2020ರ ವಿಶ್ವ ಚಾಂಪಿಯನ್‌ಷಿಪ್ಪೇ ರದ್ದಾಯಿತು. ಈ ಹುಡುಗಿಯರ ಹಟವನ್ನು ಎಷ್ಟು ಹೊಗಳಿದರೂ ನನಗೆ ಕಡಿಮೆ ಎನ್ನಿಸುತ್ತದೆ.

2023ರಲ್ಲಿ ಹೊಸ ಲೀಗ್ ಬಂತು. ಲಾಸ್ ಏಂಜಲೀಸ್ ಡಾಡ್ಜರ್ಸ್ ಬೇಸ್‌ಬಾಲ್ ತಂಡದ ಮಾಲೀಕ ಮಾರ್ಕ್ ವಾಲ್ಟರ್ ಹಣ ಹಾಕಿದರು, ಟೆನಿಸ್ ತಾರೆ ಬಿಲ್ಲಿ ಜೀನ್ ಕಿಂಗ್ ಬೆನ್ನಿಗೆ ನಿಂತರು. ತಂಡಗಳು ಮೊದಲು ತಲಾ ಮೂವರನ್ನು ನೇರವಾಗಿ ಸೇರಿಸಿಕೊಂಡಿದ್ದವು. ಸೆಪ್ಟೆಂಬರ್‌ನ ಮೊದಲ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಆಟಗಾರ್ತಿಯರನ್ನು ಆರಿಸಿಕೊಳ್ಳುವಾಗ, ಉಳಿದವರ ದೊಡ್ಡ ಪಟ್ಟಿಯೇ ಎಲ್ಲರ ಎದುರು ಇತ್ತು. ಟೊರಾಂಟೊ ತನ್ನ ಮೊದಲ ಆಯ್ಕೆಯಾಗಿ, ಒಟ್ಟಾರೆ ಎರಡನೆಯ ಹೆಸರಾಗಿ, ಕರೆದದ್ದು 35 ವರ್ಷದ ಒಬ್ಬ ಡಿಫೆಂಡರ್‌ಳನ್ನು: ಲರಾಕ್! ಗೋಲು ಹೊಡೆಯದವಳು ದೊಡ್ಡ ಆಟಗಾರ್ತಿ ಆಗಲಾರಳು ಎನ್ನುವವರು ಆ ಆಯ್ಕೆಯನ್ನು ಒಮ್ಮೆ ಯೋಚಿಸಬೇಕು.

ಟೊರಾಂಟೊದಲ್ಲಿ ಆಕೆಯ ಜೊತೆಗಾತಿ ಬರ್ಲಿಂಗ್ಟನ್‌ನ ರೆನಾಟಾ ಫಾಸ್ಟ್, 2025ರಲ್ಲಿ ಲೀಗ್‌ನ ವರ್ಷದ ಡಿಫೆಂಡರ್ ಪ್ರಶಸ್ತಿ ಪಡೆದವರು. ಮೊದಲ ವರ್ಷವೇ, 2024ರ ಏಪ್ರಿಲ್‌ನಲ್ಲಿ, ಮಾಂಟ್ರಿಯಲ್‌ನ ಬೆಲ್ ಸೆಂಟರ್‌ನಲ್ಲಿ ಈ ಟೊರಾಂಟೊ ತಂಡದ ಪಂದ್ಯ ನೋಡಲು 21,105 ಜನ ಬಂದರು. ಸಂಬಳವಿಲ್ಲದೆ ಆಡಿದ ತಲೆಮಾರಿನ ಒಬ್ಬಳು ಅಷ್ಟು ಜನರ ಮುಂದೆ ಮಂಜಿನ ಮೇಲೆ ಇಳಿದಾಗ ಏನನ್ನಿಸಿರಬೇಕು! 2024ರ ಡಿಸೆಂಬರ್ ಕೊನೆಯಲ್ಲಿ ಟೊರಾಂಟೊ ಆಕೆಯನ್ನು ಆಟವಾಡುವ ಋತುವಿನ ನಡುವೆಯೇ ಒಟ್ಟಾವಾಕ್ಕೆ ಬಿಟ್ಟುಕೊಟ್ಟಿತು. ವೃತ್ತಿಪರ ಆಟದ ಈ ಕಠಿಣ ಮುಖವೂ ನಿಮಗೆ ತಿಳಿದಿರಲಿ: ಇವತ್ತು ಇಲ್ಲಿ ಮನೆ, ನಾಳೆ ಬೇರೆ ಊರು. ಒಟ್ಟಾವಾಕ್ಕೆ ಹೋದ ಲರಾಕ್ ಆ ತಂಡದೊಂದಿಗೆ 2025ರ ಮೇ ತಿಂಗಳಲ್ಲಿ ಹೊಸ ಲೀಗ್‌ನ ಚಾಂಪಿಯನ್ ಪಟ್ಟದ ವಾಲ್ಟರ್ ಕಪ್ ಫೈನಲ್ ಆಡಿದರು. ನಾಲ್ಕು ಪಂದ್ಯ, ನಾಲ್ಕೂ ಹೆಚ್ಚುವರಿ ಸಮಯದಲ್ಲಿ 2–1ರಲ್ಲಿ ಮುಗಿದವು, ಕಪ್ ಮಿನೆಸೋಟಕ್ಕೆ ಹೋಯಿತು. ಆಗ ಆಕೆಗೆ 37 ತುಂಬಿತ್ತು.

ಹಣದ ವಿಚಾರದಲ್ಲಿ ನಾನು ನಿಮಗೆ ಬಣ್ಣ ಹಚ್ಚಿ ಹೇಳುವುದಿಲ್ಲ. ಲೀಗ್ ಮತ್ತು ಆಟಗಾರ್ತಿಯರ ಸಂಘದ ನಡುವಿನ, 2031ರವರೆಗಿನ ಒಪ್ಪಂದದ ಪ್ರಕಾರ ಮೊದಲ ಋತುವಿನಲ್ಲಿ ಕನಿಷ್ಠ ಸಂಬಳ 35,000 ಅಮೆರಿಕನ್ ಡಾಲರ್, ಪ್ರತಿ ತಂಡದಲ್ಲಿ ಕಡೇಪಕ್ಷ ಆರು ಜನರಿಗೆ 80,000 ಅಥವಾ ಹೆಚ್ಚು. ಅದರ ಮೇಲೆ ಆರೋಗ್ಯ ವಿಮೆ, ಬಾಡಿಗೆಗೆ ನೆರವು, ಹೆರಿಗೆ ಸೌಲಭ್ಯ. ನಮ್ಮವರು ಐಟಿ ಕೆಲಸದಲ್ಲಿ ಎಣಿಸುವ ಹಣದ ಮುಂದೆ ಇದು ಸಣ್ಣದು. ತಂಡಕ್ಕೆ 23 ಮಂದಿ, ಅವರಲ್ಲಿ ಡಿಫೆಂಡರ್‌ಗಳು ಏಳೋ ಎಂಟೋ. 2025ರಲ್ಲಿ ವ್ಯಾಂಕೂವರ್ ಮತ್ತು ಸಿಯಾಟಲ್ ಸೇರಿ ತಂಡಗಳು ಎಂಟಾದವು. ಲೆಕ್ಕ ನೀವೇ ಹಾಕಿ. ನಿಮ್ಮ ಮಗಳು ಅಲ್ಲಿಗೆ ತಲುಪುವ ಸಾಧ್ಯತೆ ತೀರ ಕಡಿಮೆ, ನನ್ನ ಮಗಳದ್ದೂ ಅಷ್ಟೇ. ಆದರೂ ಲರಾಕ್ ಹದಿನಾಲ್ಕರಲ್ಲಿದ್ದಾಗ ಕಣ್ಣೆದುರು ಇಂಥದೊಂದು ಲೀಗ್ ಇರಲೇ ಇಲ್ಲ, ನಮ್ಮ ಮಕ್ಕಳ ಕಣ್ಣೆದುರು ಇದೆ. ಅದೇ ವಯಸ್ಸಿನಲ್ಲಿ ನಾವು ಸ್ಕೇಟ್ಸ್ ಮಾರಿಬಿಡುತ್ತಿದ್ದೇವೆ.

ಈಗ ಓದಿನ ಮಾತು. ಕ್ಲೇರ್ ಥಾಮ್ಸನ್ ಹೆಸರು ಬರೆದಿಟ್ಟುಕೊಳ್ಳಿ. ಟೊರಾಂಟೊದವರು, ಡಿಫೆಂಡರ್. ಪ್ರಿನ್ಸ್‌ಟನ್‌ನಲ್ಲಿ ಓದಿದರು. ಬೀಜಿಂಗ್‌ನಲ್ಲಿ ಏಳು ಪಂದ್ಯಗಳಲ್ಲಿ 13 ಅಂಕ (ಹೊಡೆದ ಗೋಲು ಮತ್ತು ಗೋಲಿಗೆ ಕೊಟ್ಟ ಪಾಸ್ ಎರಡೂ ಸೇರಿ) ಗಳಿಸಿದರು, ಒಂದೇ ಒಲಿಂಪಿಕ್ಸ್‌ನಲ್ಲಿ ಅಲ್ಲಿಯವರೆಗೆ ಯಾವ ಡಿಫೆಂಡರ್ ಕೂಡ ಅಷ್ಟು ಗಳಿಸಿರಲಿಲ್ಲ. ಆಮೇಲೆ ನ್ಯೂಯಾರ್ಕ್‌ನಲ್ಲಿ ವೈದ್ಯಕೀಯ ಕಾಲೇಜು ಸೇರಿದರು. ಹೊಸ ಲೀಗ್‌ನ ಮೊದಲ ಋತು ನಡೆಯುವಾಗ ಆಕೆ ಓದುತ್ತಿದ್ದರು. ಬಳಿಕ ಓದಿಗೆ ಬಿಡುವು ಕೊಟ್ಟು ಬಂದಾಗ ಮಿನೆಸೋಟ ಆಕೆಯನ್ನು 2024ರ ಡ್ರಾಫ್ಟ್‌ನಲ್ಲಿ ಮೂರನೆಯ ಹೆಸರಾಗಿ ಆರಿಸಿತು, ಮರುವರ್ಷ ಲರಾಕ್ ಸೋತ ಅದೇ ಫೈನಲ್‌ನಲ್ಲಿ ಗೆದ್ದ ತಂಡದಲ್ಲಿ ಆಕೆ ಇದ್ದರು. ಹಾಕಿ ಬಿಟ್ಟರೆ ಮಾತ್ರ ಡಾಕ್ಟರ್ ಆಗಬಹುದು ಎಂಬ ನಮ್ಮ ಮನೆಗಳ ಲೆಕ್ಕ ಎಲ್ಲಿಂದ ಬಂತು?

ಎಲ್ಲರೂ ಕ್ಲೇರ್ ಥಾಮ್ಸನ್ ಆಗುವುದಿಲ್ಲ, ಸರಿ. ಸ್ಕಾಲರ್‌ಷಿಪ್ ಸಿಗಲೆಂದೇ ಆಡಿಸುವುದನ್ನೂ ನಾನು ಒಪ್ಪುವುದಿಲ್ಲ. ನಾನು ಕಂಡದ್ದನ್ನು ಹೇಳುತ್ತೇನೆ: ಬೆಳಗಿನ ಆರಕ್ಕೆ ಅಭ್ಯಾಸವಿರುವ ಹುಡುಗಿಯರು ಹಿಂದಿನ ರಾತ್ರಿಯೇ ಹೋಮ್‌ವರ್ಕ್ ಮುಗಿಸಿ ಬ್ಯಾಗ್ ಜೋಡಿಸಿಟ್ಟು ಮಲಗುತ್ತಾರೆ. ಹಾಕಿ ಬಿಡಿಸಿ ಉಳಿಸಿದ ಆ ಗಂಟೆಗಳು ಪುಸ್ತಕಕ್ಕೆ ಹೋಗುತ್ತವೆ ಎಂದು ನೀವು ನಂಬಿದ್ದೀರಿ. ಅವು ಎಲ್ಲಿಗೆ ಹೋಗುತ್ತಿವೆ ಎಂಬುದನ್ನು ಮನೆಯ ಮೊಬೈಲ್‌ಗಳನ್ನು ನೋಡಿ ನೀವೇ ತಿಳಿಯಬಹುದು.

ಪೆಟ್ಟಿನ ಭಯವಿದ್ದರೆ, ಅದು ನ್ಯಾಯವಾದ ಭಯ. ಹುಡುಗಿಯರ ಹಾಕಿಯಲ್ಲಿ ಮೈಮೇಲೆ ಬಿದ್ದು ಗುದ್ದುವುದಕ್ಕೆ ಅನುಮತಿಯಿಲ್ಲ, ಆದರೂ ಬೀಳುತ್ತಾರೆ, ಡಿಕ್ಕಿಯಾಗುತ್ತದೆ. ತಲೆಗೆ ಪೆಟ್ಟು ಬಿದ್ದಿದೆ ಎಂಬ ಅನುಮಾನ ಬಂದರೆ ಮಗುವನ್ನು ಕೂಡಲೇ ಆಟದಿಂದ ಹೊರಗೆ ತರಬೇಕೆಂದು ಈ ಪ್ರಾಂತ್ಯದಲ್ಲಿ ರೋವನ್ ಕಾನೂನೇ ಇದೆ. ರಗ್ಬಿ ಆಡುವಾಗ ತಲೆಗೆ ಮತ್ತೆ ಮತ್ತೆ ಪೆಟ್ಟಾಗಿ 2013ರಲ್ಲಿ ತೀರಿಕೊಂಡ ಹದಿನೇಳರ ಹುಡುಗಿಯ ಹೆಸರಿನಲ್ಲಿ ಬಂದ ಕಾನೂನು ಅದು. ಅದನ್ನು ಪಾಲಿಸಲೆಂದೇ ನನ್ನಂಥವರು ಬೆಂಚಿನ ಬಳಿ ನಿಂತಿರುತ್ತಾರೆ. ಫೈನಲ್ ಪಂದ್ಯವಾದರೂ, ಮಗು ಅತ್ತರೂ, ನಾವು ಒಳಗೆ ಬಿಡುವುದಿಲ್ಲ.

ಖರ್ಚಿನ ಮಾತು ಬಂದಾಗ ಸಂಕೋಚಪಡಬೇಡಿ. ಐಸ್ ಹಾಕಿ ದುಬಾರಿ ಆಟ. ಕೆನೇಡಿಯನ್ ಟೈರ್‌ನ ಜಂಪ್‌ಸ್ಟಾರ್ಟ್ ನಿಧಿಗೆ ಅರ್ಜಿ ಹಾಕಬಹುದು. ಹೆಚ್ಚಿನ ಸಾಮಾನುಗಳು ಎರಡನೆಯ ಕೈಯದ್ದು ಧಾರಾಳವಾಗಿ ಸಿಗುತ್ತವೆ. ನಮ್ಮ ಮಕ್ಕಳು ಬೆಳೆಯುವ ವೇಗಕ್ಕೆ ಹೊಸದು ಕೊಳ್ಳುವ ಅಗತ್ಯವೂ ಇಲ್ಲ. ಬೇಕಾದ ಅಳತೆ ಹೇಳಿದರೆ ನಾವು ಹುಡುಕಿಕೊಡುತ್ತೇವೆ.

ಕೊನೆಯದಾಗಿ ಕನ್ನಡ ಸಂಘಗಳ ಪದಾಧಿಕಾರಿಗಳಲ್ಲಿ ಒಂದು ಬೇಡಿಕೆ. ರಾಜ್ಯೋತ್ಸವದ ವೇದಿಕೆಯಲ್ಲಿ ಹೆಚ್ಚು ಅಂಕ ತೆಗೆದವರಿಗೆ, ರಂಗಪ್ರವೇಶ ಮಾಡಿದವರಿಗೆ ಶಾಲು ಹೊದಿಸುತ್ತೀರಿ, ಒಳ್ಳೆಯ ಕೆಲಸ. ಈ ನವೆಂಬರ್‌ನಲ್ಲಿ ಇಡೀ ಋತು ಹಿಂದಿನ ಸಾಲಿನಲ್ಲಿ ಆಡಿದ ಹುಡುಗಿಯರನ್ನೂ ಕರೆಯಿರಿ. ಪರಿಚಯ ಓದುವಾಗ ಎಷ್ಟು ಗೋಲು ಎಂದು ಹುಡುಕಬೇಡಿ. ಅವಳು ಏನು ಮಾಡುತ್ತಾಳೆ ಎಂಬುದನ್ನು ಅವಳ ಕೋಚ್‌ನಿಂದ ಬರೆಸಿ ತರುವ ಹೊಣೆ ನನ್ನದು. ಚಳಿಗಾಲದ ಒಂದು ಶನಿವಾರ ಸಂಘದ ಹೆಸರಿನಲ್ಲಿ ಟಿಕೆಟ್ ಒಟ್ಟಿಗೆ ತೆಗೆದು, ಲರಾಕ್ ಕ್ಲಾರ್ಕ್‌ಸನ್ ಕಪ್ ಎತ್ತಿದ ಅದೇ ಅಂಗಳಕ್ಕೆ, ಈಗ ಕೋಕಾ-ಕೋಲಾ ಕೊಲಿಸಿಯಂ ಎಂದು ಹೆಸರಾದಲ್ಲಿಗೆ, ಮಕ್ಕಳನ್ನು ಕರೆದುಕೊಂಡು ಹೋಗೋಣ. ಹೊಸ ಲೀಗ್‌ನ ಮೊದಲ ಗೋಲಿನ ಎಲಾ ಶೆಲ್ಟನ್ 2025ರಲ್ಲಿ ಟೊರಾಂಟೊ ತಂಡಕ್ಕೇ ಬಂದಿದ್ದಾರೆ. ಬರುವವರು ಸಂಘದ ಕಾರ್ಯದರ್ಶಿಯ ಬಳಿ ಹೆಸರು ಕೊಡಿ, ಬಸ್ಸಿನ ವ್ಯವಸ್ಥೆ ನಾವು ಕೆಲವು ತಾಯಂದಿರು ನೋಡಿಕೊಳ್ಳುತ್ತೇವೆ.

ಇಂತಿ,
ಬ್ರಾಂಪ್ಟನ್‌ನ ಒಬ್ಬ ಕನ್ನಡತಿ, ಹುಡುಗಿಯರ ಹಾಕಿ ತಂಡವೊಂದರ ಟ್ರೈನರ್